ಉಸ್ತಾದರ ಫೋಟೋ ನಾನು ಅಳಿಸಿದ್ದು

ಸವಣೂರಿನ ಬಜಾರಿನಲ್ಲಿದ್ದ ನಮ್ಮ ಸ್ಟುಡಿಯೋ ಮುಚ್ಚಿ ಒಂದು ವರ್ಷವಾಯಿತು. ಆದರೂ ಜನ ಮನೆ ಹುಡುಕಿಕೊಂಡು ಬರುವುದು ತಪ್ಪಿಲ್ಲ. ಮೊದಲು ಫೋಟೋ ತೆಗೆಸಿಕೊಳ್ಳಲು ಬರುತ್ತಿದ್ದರು, ಈಗ ತೆಗೆಯುವುದು ಹೇಗೆಂದು ಕೇಳಲು ಬರುತ್ತಾರೆ. ಬಂದವರೆಲ್ಲರ ಮೊದಲ ಪ್ರಶ್ನೆ ಒಂದೇ: "ಸರ, ಯಾವ ಕ್ಯಾಮೆರಾ ತಗೊಳ್ಳಲ್ರಿ?" ಇದನ್ನು ಕೇಳಿದರೆ ನನಗೆ ನೆತ್ತಿ ಉರಿಯುತ್ತದೆ. ರೊಟ್ಟಿ ಬಡಿಯಲು ಕಲಿಯುತ್ತೇನೆಂದು ಬಂದವರು ಹಂಚು ಯಾವ ಅಂಗಡಿಯದಿರಬೇಕು ಎಂದು ಕೇಳಿದರೆ ಏನು ಹೇಳುವುದು? ಮನೆಯಲ್ಲಿರುವುದನ್ನು ಹಿಡಿಯಿರಿ, ಮೊಬೈಲಾದರೂ ನಡೆಯುತ್ತದೆ, ಮೊದಲು ನೋಡುವುದನ್ನು ಕಲಿಯಿರಿ ಎಂದರೆ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋಗುತ್ತಾರೆ.

ರೇಣುಕಾ ಟೀಚರ್ ಒಬ್ಬರು ಮಾತ್ರ ಎದ್ದು ಹೋಗಲಿಲ್ಲ. ಹಾನಗಲ್ ಕಡೆಯ ಒಂದು ಶಾಲೆಯಲ್ಲಿ ಕಲಿಸುತ್ತಾರೆ. ಹೊಸದಾಗಿ ಡಿಜಿಟಲ್ ಕ್ಯಾಮೆರಾ ಕೊಂಡಿದ್ದಾರೆ. ರಜೆಯ ದಿನ ಬಸ್ಸು ಹತ್ತಿ ನನ್ನ ಹತ್ತಿರ ಬರುತ್ತಾರೆ. ಅವರು ಕೇಳಿದ್ದೇ ಬೇರೆ: "ಸರ, ನೀವು ಡಿಜಿಟಲ್ ಕಲಿಯೂವಾಗ ಮಾಡಿದ ಎಲ್ಲಾಕ್ಕಿಂತ ದೊಡ್ಡ ತಪ್ಪು ಯಾವುದ್ರಿ?"

ಆ ದಿನ ನಾನು ಚಹಾ ತರಿಸುವ ನೆಪದಲ್ಲಿ ಮಾತು ಮರೆಸಿದೆ. ಈಗ ಈ ಕೆಲಸಕ್ಕೆ ಇಳಿಯುವ ಎಲ್ಲರಿಗೂ ಸೇರಿಸಿಯೇ ಹೇಳಿಬಿಡುತ್ತೇನೆ. ನನಗೆ ವಿದ್ಯೆ ಕಲಿಸಿದ ಉಸ್ತಾದರ ಫೋಟೋ ನಾನು ಜನ್ಮದಲ್ಲಿ ಒಂದೇ ಒಂದು ಸಲ ತೆಗೆದೆ. ತೆಗೆದ ಕೈಯಿಂದಲೇ ಅಳಿಸಿದೆ. ಅದನ್ನು ಅವರ ಮಗಳಿಗೆ ಇಪ್ಪತ್ತು ವರ್ಷ ಹೇಳಲಿಲ್ಲ.

ಉಸ್ತಾದರೆಂದರೆ ಮಾಬುಸಾಬರು. ಸ್ಟುಡಿಯೋ ಅವರದು, ನಾನು ಅಲ್ಲಿ ಕೆಲಸಕ್ಕೆ ಸೇರಿದವನು. ನಮ್ಮದು ಪಾಠ ಪ್ರವಚನದ ಮನೆ. ನಮ್ಮ ತಂದೆ ಸಂಸ್ಕೃತ ಹೇಳಿಕೊಡುತ್ತಿದ್ದರು, ನಾನು ಡಿಗ್ರಿಯಲ್ಲಿ ಎರಡು ಸಲ ಡುಮುಕಿ ಹೊಡೆದೆ. ಫೋಟೋ ಕೆಲಸಕ್ಕೆ ಹೋಗುತ್ತೇನೆಂದಾಗ ಅಪ್ಪ ಪುಸ್ತಕದಿಂದ ತಲೆ ಎತ್ತದೆ, "ಮಂದಿ ಮಾರಿ ನೋಡೂದು ಒಂದು ಉದ್ಯೋಗೇನೋ?" ಎಂದರು. ಅವ್ವನಿಗೆ ಮಾತ್ರ ಫೋಟೋ ತೊಳೆಯುವ ಕತ್ತಲೆ ಕೋಣೆಯ ಔಷಧದ ವಾಸನೆಯದೇ ದೊಡ್ಡ ತಕರಾರು. ಹಿತ್ತಲಲ್ಲಿ ಸ್ನಾನ ಮಾಡದೆ ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಇದನ್ನು ಹೇಳಿದರೆ ಮಾಬುಸಾಬರು ನಗುತ್ತಿದ್ದರು: "ನಿಮ್ಮವ್ವ ಬರೋಬರಿ ಮಾಡ್ತಾಳ. ಆ ವಾಸನಿ ನನಗೂ ಸೇರೂದಿಲ್ಲ. ಆದ್ರ ಏನ್ ಮಾಡೂದು, ಮುಖ ಮೂಡೂದು ಅದರಾಗನ!"

ಮಾಬುಸಾಬರ ಬಾಯಿಗೆ ಬಿಡುವೆಂಬುದಿರಲಿಲ್ಲ. ಫೋಟೋಕ್ಕೆ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ ಮಾತಿಗೆ ಎಳೆಯುವರು. ಯಾವೂರು, ಎಲಿ ತೋಟ ಹೆಂಗೈತಿ, ಮಗಳ ಹೆರಿಗಿ ಆತೋ ಇಲ್ಲೋ. ಒಂದು ಕಣ್ಣು ಕ್ಯಾಮೆರಾದಲ್ಲಿ, ಇನ್ನೊಂದು ಕಣ್ಣು ಮನುಷ್ಯನ ಮೇಲೆ. ಎದುರಿನವರು ತಾವು ಫೋಟೋಕ್ಕೆ ಕೂತಿದ್ದೇವೆಂಬುದನ್ನು ಮರೆತ ಗಳಿಗೆಗೆ ಟಕ್ ಎನ್ನುವುದು. ನಾನು ಅವಸರದಲ್ಲಿ ಒತ್ತಿದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. "ಒತ್ತೂಕಿಂತ ಮೊದ್ಲ ಮನಿಷ್ಯಾನ್ನ ನೋಡಪಾ. ಮಷೀನು ಎಲ್ಲೂ ಓಡಿ ಹೋಗೂದಿಲ್ಲ."

ಕೆಟ್ಟ ನೆಗೆಟಿವನ್ನೂ ಅವರು ಎಸೆಯಗೊಡುತ್ತಿರಲಿಲ್ಲ. ಮದುಮಗಳು ಕಣ್ಣು ಮುಚ್ಚಿದ್ದಾಳೆ, ಬಿಸಾಡುತ್ತೇನೆ ಎಂದರೆ ಬೆಳಕಿಗೆ ಹಿಡಿದು ತೋರಿಸುವರು: "ಹಿಂದ ನಿಂತ ಮುದುಕಿ ನೋಡು, ಎಷ್ಟು ಚಂದ ಬಂದಾಳ! ನಾಳೆ ಆಕಿ ಮನಿಯವ್ರು ಬಂದ್ರ ಏನ್ ಕೊಡ್ತಿ?" ಹಾಗೆ ಬಂದು ಕೇಳಿದವರು ಒಬ್ಬಿಬ್ಬರಲ್ಲ. ಮುದುಕಿ ತೀರಿಕೊಂಡ ಮೂರನೆಯ ದಿನಕ್ಕೆ ಬರುತ್ತಿದ್ದರು, "ಯಾವುದರೆ ಮದವ್ಯಾಗ ನಮ್ಮವ್ವ ನಿಂತದ್ದು ಐತೇನ್ರಿ ನಿಮ್ಮ ಹತ್ರ?" ಎನ್ನುತ್ತ. ಉಸ್ತಾದರು ಕವರುಗಳ ಕಟ್ಟು ಬಿಚ್ಚಿ, ಕನ್ನಡಕ ಏರಿಸಿ, ಅರ್ಧ ದಿನವಾದರೂ ಹುಡುಕಿ ಕೊಡುತ್ತಿದ್ದರು.

ನನ್ನ ಮೊದಲ ದೊಡ್ಡ ಎಡವಟ್ಟು ಶಿಗ್ಗಾಂವಿಯ ಒಂದು ಮದುವೆಯಲ್ಲಿ. ಅದು ಫಿಲ್ಮ್ ಕಾಲ. ರೋಲಿನ ತುದಿ ಒಳಗಿನ ಸುರುಳಿಗೆ ಸಿಕ್ಕಿರಲೇ ಇಲ್ಲ. ಮೂವತ್ತಾರು ಮುಗಿದರೂ ಕ್ಯಾಮೆರಾ ನಿಲ್ಲುತ್ತಿಲ್ಲ. ನಾನು ಜಾಣ, ಇವತ್ತು ನಾಕು ಫೋಟೋ ಪುಕ್ಕಟೆ ಬಂದವು ಎಂದು ಹಿಗ್ಗಿನಿಂದ ಒತ್ತುತ್ತಿದ್ದೆ. ನಲವತ್ತೆರಡಕ್ಕೆ ಬಂದಾಗ ಹಿಂದಿನ ಮುಚ್ಚಳ ತೆರೆದು ನೋಡಿದೆ, ರೋಲು ಇದ್ದಲ್ಲೇ ಇತ್ತು. ಅಕ್ಕಿಕಾಳು ಬಿದ್ದದ್ದು, ತಾಳಿ ಕಟ್ಟಿದ್ದು, ಯಾವುದೂ ಬಂದಿರಲಿಲ್ಲ. ಮೂರು ದಿನದ ಮೇಲೆ ಉಸ್ತಾದರು ನನ್ನನ್ನು ಕರೆದುಕೊಂಡು ಶಿಗ್ಗಾಂವಿಗೆ ಹೋದರು. ಹುಡುಗಿಯ ಅಜ್ಜಿ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಉಸ್ತಾದರು ನನ್ನ ಮುಂದೆ ಬಂದು, "ಇವನದು ಏನೂ ತಪ್ಪಿಲ್ಲವಾ, ರೋಲು ಹಾಕಿ ಕೊಟ್ಟಾಂವ ನಾ" ಎಂದರು. ಹಸಿ ಸುಳ್ಳು. ರೋಲು ಹಾಕಿದವನು ನಾನೇ.

ಆಮೇಲೆ ಅದೇ ಮನೆಯಲ್ಲಿ ಮತ್ತೆ ಬಾಸಿಂಗ ಕಟ್ಟಿ, ಬಂಧುಗಳನ್ನು ಕೂಡಿಸಿ, ಅಕ್ಕಿಕಾಳು ಹಾಕಿಸಿದೆವು. "ಎರಡೆರಡು ಸಲ ತಾಳಿ ಕಟ್ಟಿದ್ರ ಹೆಂಗ್ರಿ ಸಾಹೇಬ್ರ? ಶಾಸ್ತ್ರದಾಗ ಐತೇನು?" ಎಂದಳು ಅಜ್ಜಿ. ಉಸ್ತಾದರು ನನ್ನ ಕಡೆ ಕೈ ತೋರಿಸಿದರು. "ನಮ್ಮ ಶೀನಾ ಶಾಸ್ತ್ರದ ಮನಿಯಾಂವ, ಕೇಳ್ರಿ ಬೇಕಾದ್ರ. ತಾಳಿ ಮುಟ್ಟೂದು ಬ್ಯಾಡ, ಕೊಳ್ಳಿನ ಹಿಂದ ಕೈ ಅಷ್ಟ ಹಿಡೀಲಿ." ನಾನು ಗಂಭೀರವಾಗಿ ತಲೆ ಆಡಿಸಿದೆ. ಶಾಸ್ತ್ರ ನನಗೆಲ್ಲಿ ಗೊತ್ತು!

ಡಿಜಿಟಲ್ ಬಂದಾಗ ನನಗೆ ನಲವತ್ತು ದಾಟಿತ್ತು. ಹಳಬರು ಹೊಸದನ್ನು ಬೇಡವೆನ್ನುತ್ತಾರೆ, ಹೊಸಬರು ಬೇಕೆನ್ನುತ್ತಾರೆ ಎಂದು ಎಲ್ಲರೂ ತಿಳಿದಿರುತ್ತಾರೆ. ನಮ್ಮಲ್ಲಿ ಉಲ್ಟಾ. ಉಸ್ತಾದರ ಕಣ್ಣಿಗೆ ಪೊರೆ ಬಂದು ಫೋಟೋ ತೆಗೆಯುವುದು ನಿಂತೇ ಹೋಗಿತ್ತು, ಆದರೆ ಹುಬ್ಬಳ್ಳಿಯಿಂದ ಡಿಜಿಟಲ್ ಕ್ಯಾಮೆರಾ ತರಿಸಿದವರು ಅವರೇ. ಹೆದರಿ ಕೂತವನು ನಾನು.

"ಉಸ್ತಾದ್, ಈ ವಯಸ್ಸಿನಾಗ ಅ ಆ ಇ ಈ ತಿದ್ದಲೇನ್ರಿ?"

"ಕಲಿಯಾಕ ಆಗ್ತದೋ ಇಲ್ಲೋ, ಅದನ್ನ ಹೇಳು. ವಯಸ್ಸು ಯಾರು ಕೇಳ್ಯಾರ ನಿನ್ನ?"

ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ನಾನು ಗಟ್ಟಿಯಾಗಿ ಓದಿ ಅರ್ಥ ಹೇಳುವುದು, ಅವರು ಸ್ಟುಡಿಯೋ ಮುಂದಿನ ಕಟ್ಟೆಯ ಮೇಲೆ ಕೂತು ಕೇಳುವುದು. ಐಎಸ್‌ಓ ಎಂಬ ಪುಟ ಬಂದಾಗ ನನಗೆ ತಲೆಬುಡ ಹತ್ತಲಿಲ್ಲ. ಅವರು ತೊಡೆ ತಟ್ಟಿಕೊಂಡರು. "ಅರೇ! ಇದು ಫಿಲ್ಮಿನ ಸ್ಪೀಡಪಾ. ಬೆಳಕು ಕಡಿಮಿ ಇದ್ದಾಗ ನಾವು ಬ್ಯಾರೆ ರೋಲು ಹಾಕತಿದ್ದಿಲ್ಲೇನು? ಹೆಸರು ಅಷ್ಟ ಬದಲ ಮಾಡ್ಯಾರ." ಹೊಸದಾಗಿ ಕಲಿಯುವವರು ಇದನ್ನು ಗಮನಿಸಿ. ಕ್ಯಾಮೆರಾ ಬದಲಾಗಿದೆ, ಬೆಳಕು ಬದಲಾಗಿಲ್ಲ.

ಡಿಜಿಟಲ್ ಹಿಡಿದು ಹೋದ ಮೊದಲ ಮದುವೆ ಹಾನಗಲ್ಲಿನದು. ಕಲ್ಯಾಣ ಮಂಟಪದ ಟ್ಯೂಬ್‌ಲೈಟಿನಲ್ಲಿ ಎಲ್ಲರ ಮುಖವೂ ಹಸಿರಾಗಿ ಬರತೊಡಗಿತು, ಮದುಮಗನಂತೂ ಕಾಮಾಲೆ ಬಂದವನ ಹಾಗೆ. ಬಿಳಿ ವಸ್ತು ತೋರಿಸಿ ಕ್ಯಾಮೆರಾಕ್ಕೆ 'ಇದು ಬಿಳಿ' ಎಂದು ತಿಳಿಸಿಕೊಡಬೇಕು ಎಂದು ಓದಿದ್ದು ನೆನಪಾಯಿತು. ಕೈಗೆ ಸಿಕ್ಕ ಬಿಳಿ ವಸ್ತುವೆಂದರೆ ಪುರೋಹಿತರ ಪಂಚೆ. ಬಗ್ಗಿ ಅದಕ್ಕೇ ಕ್ಯಾಮೆರಾ ಹಿಡಿದೆ. ಅವರು ಮಂತ್ರ ನಿಲ್ಲಿಸಿ, "ಏನಪಾ ಇದು, ಮದುಮಕ್ಕಳನ್ನ ಬಿಟ್ಟು ನನ್ನ ಪಂಚಿ ಯಾಕ ತಗೀಲಿಕತ್ತೀ?" ಎಂದರು. ಮಂಟಪವೆಲ್ಲ ಬಿದ್ದು ಬಿದ್ದು ನಕ್ಕಿತು. ಮುಖಗಳು ಮಾತ್ರ ಸರಿಯಾದವು.

ಅದೇ ಮದುವೆಯಲ್ಲಿ ಇನ್ನೊಂದು ಕಲಿತೆ, ಕಲಿಯಬಾರದಿತ್ತು. ಆಗಿನ ಮೆಮರಿ ಕಾರ್ಡಿನಲ್ಲಿ ಹಿಡಿಯುತ್ತಿದ್ದುದೇ ಕಡಿಮೆ ಫೋಟೋ. ಅಕ್ಕಿಕಾಳಿಗೆ ಮೊದಲೇ ಕಾರ್ಡು ತುಂಬಿ ಕ್ಯಾಮೆರಾ ಮುಷ್ಕರ ಹೂಡಿತು. ವೇದಿಕೆಯ ಹಿಂದೆ ಕೂತು, ಬೆವರು ಒರೆಸಿಕೊಳ್ಳುತ್ತ, ಕೆಟ್ಟದ್ದನ್ನೆಲ್ಲ ಅಳಿಸಿ ಜಾಗ ಮಾಡಿಕೊಂಡೆ. ಅಂದಿನಿಂದ ಚಟ ಹತ್ತಿತು. ಒತ್ತುವುದು, ಹಿಂದಿನ ಸ್ಕ್ರೀನಿಗೆ ತಲೆ ಬಗ್ಗಿಸುವುದು, ಚೆನ್ನಾಗಿರದಿದ್ದರೆ ಅಳಿಸುವುದು. ಕ್ಯಾಮೆರಾ ಕಣ್ಣಿಗೆ ಹಚ್ಚುವುದೂ ಬಿಟ್ಟುಹೋಯಿತು. ಎದೆಯ ಮುಂದೆ ಹಿಡಿದು, ಸ್ಕ್ರೀನನ್ನಷ್ಟೇ ನೋಡುತ್ತ ತೆಗೆಯುತ್ತಿದ್ದೆ. "ಪ್ರಸಾದದ ತಾಟು ಹಿಡದಂಗ ಯಾಕ ಹಿಡೀತಿ?" ಎಂದು ಉಸ್ತಾದರು ಬೈದರು. "ಈಗ ಹಿಂಗ ತಗೀತಾರ್ರೀ" ಎಂದು ನಾನು ಅವರಿಗೇ ಕಲಿಸಿದೆ.

ಉಸ್ತಾದರ ಫೋಟೋ ತೆಗೆದ ಆ ದಿನ ನನಗೆ ಹಿರೇಕೆರೂರಿನಲ್ಲಿ ಮದುವೆಯ ಕೆಲಸ. ಬೆಳಗಿನ ಆರು ಗಂಟೆ, ಇನ್ನೂ ಬೆಳಕು ಹರಿಯುತ್ತಿತ್ತು. ಸ್ಟುಡಿಯೋದಿಂದ ಸಾಮಾನು ತೆಗೆದುಕೊಂಡು ಹಾವೇರಿ ಬಸ್ಸಿಗೆ ಓಡಬೇಕು. ಉಸ್ತಾದರು ನಮಾಜು ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದರು.

"ಶೀನಾ, ನಂದೊಂದು ತಗಿಯಪಾ."

ನಾನು ನಕ್ಕುಬಿಟ್ಟೆ. ಇಷ್ಟು ವರ್ಷದಲ್ಲಿ ಅವರು ಒಂದು ಸಲವೂ ಕ್ಯಾಮೆರಾದ ಮುಂದೆ ಬಂದವರಲ್ಲ. ಮನೆಯಲ್ಲಿ ನಮಾಜು ಮಾಡುವ ಜಾಗದಲ್ಲಿ ಚಿತ್ರ ಬೇಡವೆಂಬುದು ಒಂದು, ತೆಗೆಯುವವನಿಗೆ ತೆಗೆಸಿಕೊಳ್ಳುವ ಆಸೆ ಇರಬಾರದೆಂಬ ಅವರದೇ ಹಟ ಇನ್ನೊಂದು. ಇದ್ದದ್ದು ಮತದಾರರ ಗುರುತಿನ ಚೀಟಿಯ ಮೇಲಿನ ಕರಿ ಮಸಿಯಂಥ ಒಂದು ಮುಖ, ಅದು ಅವರದೆಂದು ಅವರಿಗೇ ನಂಬಿಕೆ ಇರಲಿಲ್ಲ.

"ಸೂರ್ಯಾ ಯಾವ ದಿಕ್ಕಿಗೆ ಹುಟ್ಯಾನ್ರಿ ಇವತ್ತ?" ಎಂದೆ.

"ಶಮೀಮಾ ಕೇಳಾಕತ್ತಾಳಪಾ. ಗ್ವಾಡಿಗೆ ಹಾಕೂದಿಲ್ಲಂತ, ಪೆಟ್ಟಿಗ್ಯಾಗ ಇಟ್ಕೊಂತಾಳಂತ. ಎಷ್ಟ್ ದಿನ ಒಲ್ಲೆ ಅನ್ಲಿ?"

ಶಮೀಮಾ ಅವರ ಒಬ್ಬಳೇ ಮಗಳು, ಹುಲಗೂರಿಗೆ ಕೊಟ್ಟಿದ್ದರು. ನಾನು ಕ್ಯಾಮೆರಾ ತೆಗೆದು ಎದೆಯ ಮುಂದೆ ಹಿಡಿದೆ. ಮನಸ್ಸೆಲ್ಲ ಬಸ್ ಸ್ಟ್ಯಾಂಡಿನ ಕಡೆ. ಒತ್ತುವ ಹೊತ್ತಿಗೆ ಸರಿಯಾಗಿ ಉಸ್ತಾದರು ಏನೋ ಅಂದರು. ಎರಡು ಮೂರು ಮಾತು, ಅಷ್ಟೇ. ದನಿ ಕಿವಿಗೆ ಬಿತ್ತು, ಮಾತು ಬೀಳಲಿಲ್ಲ. ನಾನು ಸ್ಕ್ರೀನ್ ನೋಡುತ್ತಿದ್ದೆ. ಬೆಳಕು ಸಾಲದೆ ಚಿತ್ರ ಅಲುಗಾಡಿ ಬಂದಿತ್ತು.

"ಅಲುಗಾಡ್ಯದ್ರಿ. ಸಂಜಿಕೆ ಬಂದು ಚೊಲೊ ಒಂದು ತಗೀತೇನಿ" ಎನ್ನುತ್ತಲೇ ಅಳಿಸುವ ಗುಂಡಿ ಒತ್ತಿದೆ. ತಲೆ ಎತ್ತಿದಾಗ ಅವರು ಬೀದಿಯ ಕಡೆ ಮುಖ ತಿರುಗಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. 'ಏನಂದ್ರಿ?' ಎಂದು ಕೇಳಲಿಲ್ಲ. ಬ್ಯಾಗು ಹೆಗಲಿಗೇರಿಸಿ ಓಡಿದೆ.

ಹನ್ನೊಂದರ ಸುಮಾರಿಗೆ ಹಿರೇಕೆರೂರಿನ ಮಂಟಪದಲ್ಲಿದ್ದಾಗ ಫೋನು ಬಂತು. ಮಾಬುಸಾಬರು ಕಟ್ಟೆಯಿಂದ ಎದ್ದು ಒಳಗೆ ಹೋದವರು ಅಲ್ಲೇ ಕುಸಿದು ತೀರಿಕೊಂಡರಂತೆ. ಓಡಬೇಕೆಂದು ಬ್ಯಾಗು ಕೈಗೆತ್ತಿಕೊಂಡೆ. ಆದರೆ ಮದುವೆಯನ್ನು ಅರ್ಧಕ್ಕೆ ಬಿಟ್ಟು ಹೋಗುವ ಹಾಗಿಲ್ಲ. ಅದನ್ನು ಕಲಿಸಿದವರೂ ಅವರೇ. ಕಣ್ಣೊರೆಸಿಕೊಳ್ಳುತ್ತ ಅಕ್ಕಿಕಾಳು ತೆಗೆದೆ, ತಾಳಿ ತೆಗೆದೆ, ಬಂಧುಗಳ ಸಾಲು ತೆಗೆದೆ. ಎಲ್ಲವನ್ನೂ ಅದೇ ಕಾರ್ಡಿಗೆ ತೆಗೆದೆ. ಬಸ್ಸು ಬದಲಿಸಿ ಸವಣೂರು ಮುಟ್ಟಿದಾಗ ಐದು ದಾಟಿತ್ತು, ಮಣ್ಣಾಗಿ ಹೋಗಿತ್ತು. ಮುಖ ಸಿಗಲಿಲ್ಲ.

ನಲವತ್ತು ದಿನದ ಮೇಲೆ ಶಮೀಮಾ ಸ್ಟುಡಿಯೋಕ್ಕೆ ಬಂದಳು. "ಕಾಕಾ, ಅಬ್ಬಾಂದು ಒಂದಾದ್ರೂ ಫೋಟೋ ಐತೇನ್ರಿ? ನಾ ಕೇಳಿದ್ದೆ, ನಿಮಗ ಏನರೆ ಹೇಳಿದ್ರೇನು?" ನಾನು ಅವಳ ಕಡೆ ನೋಡದೆ, "ಇಲ್ಲವಾ, ಅವರು ತಗಸ್ಕೊಳ್ತಿದ್ದಿಲ್ಲಲ್ಲ" ಎಂದೆ. ಅವಳು ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಹೊರಟುಹೋದಳು. ಆ ಕಾರ್ಡನ್ನು ಮತ್ತೆ ಬಳಸಲು ನನ್ನಿಂದಾಗಲಿಲ್ಲ. ಮದುವೆಯ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅದನ್ನು ಒಂದು ಹಳೆಯ ಫಿಲ್ಮ್ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟೆ.

ಆಮೇಲೆ ಸ್ಟುಡಿಯೋ ನಡೆಸಿದ್ದು ನಾನೊಬ್ಬನೇ. ಕ್ಯಾಮೆರಾ ಮೇಲೆ ಕ್ಯಾಮೆರಾ ಬಂದವು. ಕತ್ತಲೆ ಕೋಣೆಯಲ್ಲಿ ಕಂಪ್ಯೂಟರು ಕೂತಿತು. ಎಲ್ಲ ಸುಲಭವಾಯಿತು, ನಿಜ, ಸುಳ್ಳು ಯಾಕೆ ಹೇಳಲಿ. ಆದರೆ ಕೆಂಪು ದೀಪದ ಕೆಳಗೆ ಇಬ್ಬರೂ ತಟ್ಟೆಯ ಮೇಲೆ ಬಗ್ಗಿ, ಬಿಳಿ ಕಾಗದದಲ್ಲಿ ಯಾರದೋ ತಲೆಗೂದಲು ಮೂಡುವುದನ್ನು ಕಾಯುತ್ತಿದ್ದೆವಲ್ಲ, ಪಕ್ಕದಲ್ಲಿ ಅವರ ಮಾತು ಸುರಿಯುತ್ತಿತ್ತಲ್ಲ, ಅದು ಬೇಕೆನಿಸುತ್ತದೆ. ಈಗಲೂ ಬೇಕೆನಿಸುತ್ತದೆ. ಎಷ್ಟೋ ಸಲ ಗಿರಾಕಿಗಳಿಲ್ಲದ ಮಧ್ಯಾಹ್ನ ಆ ಕೋಣೆಯ ಬಾಗಿಲು ಹಾಕಿಕೊಂಡು ಸುಮ್ಮನೆ ಕೂತಿದ್ದೇನೆ. ಏನಂದಿರಬಹುದು ಅವರು? 'ನೆಟ್ಟಗ ಹಿಡಿ' ಅಂದರೇ? 'ಸಾವಕಾಶ ಹೋಗಿ ಬಾ' ಅಂದರೇ? ಮಗಳಿಗೆ ಏನಾದರೂ ಹೇಳು ಅಂದರೇ?

ಇಷ್ಟನ್ನೂ ಕಡೆಗೊಂದು ದಿನ ರೇಣುಕಾ ಟೀಚರಿಗೆ ಹೇಳಿದೆ. ಅವರು ಒಮ್ಮೆಲೇ ನೆಟ್ಟಗೆ ಕೂತರು. "ಸರ, ಕಾರ್ಡು ಐತೇನ್ರಿ? ಅಳಸಿದ್ರ ಫೋಟೋ ಹೋಗಿರೂದಿಲ್ರಿ. ಬಸ್ಸಿನ ಸೀಟಿನ ಮ್ಯಾಲಿನ ಟವೆಲ್ ತಗದಂಗ ಅಷ್ಟ. ಇನ್ನೊಬ್ರು ಬಂದು ಕುಂಡ್ರೂತನಕ ಹಳೇದು ಅಲ್ಲೇ ಇರತೈತಿ."

ಫೋಟೋ ಕೆಲಸದಲ್ಲೇ ಮುದುಕನಾದ ನನಗೆ ಇದು ಗೊತ್ತಿರಲಿಲ್ಲ ಎಂದರೆ ನಗುತ್ತೀರಿ. ಎಲ್ಲೋ ಕೇಳಿದ್ದೆ, ನನ್ನ ಕಾರ್ಡಿಗೂ ಅದು ಹೊಂದುತ್ತದೆಂದು ಯೋಚಿಸಲು ಧೈರ್ಯ ಬಂದಿರಲಿಲ್ಲ. ಮುಂದಿನ ಭಾನುವಾರ ಟೀಚರ್ ಲ್ಯಾಪ್‌ಟಾಪ್ ತಂದರು. ನಮ್ಮ ಪಡಸಾಲೆಯಲ್ಲಿ ಅದು ಒಂದೊಂದೇ ಚೂರು ಹುಡುಕುತ್ತ ಎರಡು ತಾಸು ಗುಯ್ ಎಂದಿತು. ಮೊದಲು ಹಿರೇಕೆರೂರಿನ ಮದುವೆ ಬಂತು, ಹಾನಗಲ್ಲಿನ ತುಂಡುಗಳು ಬಂದವು. ಆಮೇಲೆ ನಮ್ಮ ಸ್ಟುಡಿಯೋದ ಬಾಗಿಲ ಚೌಕಟ್ಟು. ಅದರ ಕೆಳಗೆ ಬಿಳಿ ಟೋಪಿ, ಹಣೆ, ಎತ್ತಿದ ಹುಬ್ಬು, ಕನ್ನಡಕದ ಹಿಂದೆ ಎರಡು ಕಣ್ಣು. ಮೂಗಿನ ಅರ್ಧಕ್ಕೆ ಚಿತ್ರ ನಿಂತಿತ್ತು. ಅದರ ಕೆಳಗೆಲ್ಲ ಬೂದು ಬಣ್ಣ.

"ಉಳಿದದ್ದು ಬರೂದಿಲ್ರಿ ಸರ. ಅದರ ಮ್ಯಾಲ ಮದವಿ ಫೋಟೋ ಕುಂತಾವ" ಎಂದರು ಟೀಚರ್, ಮೆಲ್ಲಗೆ.

ನಾನು ಅತ್ತೆ. ಪರರ ಮುಂದೆ ಅಳುವವನಲ್ಲ, ಅತ್ತೆ. ನನಗೆ ಬೇಕಾಗಿದ್ದುದು ಅವರ ಬಾಯಿ. ತುಟಿ ಹೇಗಿತ್ತೆಂದು ಕಂಡರೆ ಯಾವ ಮಾತಿರಬಹುದೆಂದು ಊಹಿಸಬಹುದಿತ್ತು.

ಟೀಚರ್ ಪಾಪ, ಸಮಾಧಾನ ಮಾಡಲೆಂದು ಮೊಬೈಲ್ ತೆಗೆದರು. ಈಗ ಅರ್ಧ ಮುಖ ಕೊಟ್ಟರೆ ಪೂರ್ತಿ ಮಾಡಿಕೊಡುವ ಯುಕ್ತಿ ಬಂದಿದೆಯಲ್ಲ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾಡಿತು. ಅಂದವಾದ ಬಿಳಿ ಗಡ್ಡ, ಮುಚ್ಚಿದ ತುಟಿ, ಹೂವಿನಂಥ ನಗು. ಯಾವುದೋ ಕ್ಯಾಲೆಂಡರಿನ ಸಂತರ ಹಾಗಿತ್ತು.

"ತಗೀರಿ ಅದನ್ನ!" ಎಂದು ಗದರಿಬಿಟ್ಟೆ. "ಮಾಬುಸಾಬರು ಬಾಯಿ ಮುಚ್ಚಿ ಕುಂತದ್ದು ಸವಣೂರಾಗ ಯಾರರೆ ನೋಡ್ಯಾರೇನು ಕೇಳ್ರಿ!" ಆಮೇಲೆ ಅವರ ಕ್ಷಮೆ ಕೇಳಿದೆ. ಅರ್ಧವನ್ನು ಇದ್ದ ಹಾಗೆಯೇ, ಬೂದು ಬಣ್ಣದ ಸಮೇತ, ಪ್ರಿಂಟ್ ಹಾಕಿಸಿಕೊಂಡು ಹುಲಗೂರಿನ ಬಸ್ಸು ಹತ್ತಿದೆ.

ಶಮೀಮಾ ಬಾಗಿಲ ಹತ್ತಿರ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವಳ ಕೂದಲೂ ನರೆತಿದೆ. "ಬರ್ರಿ ಕಾಕಾ, ಕುಂದರ್ರಿ" ಎಂದು ಚಾಪೆ ಹಾಸಿದಳು. ಫೋಟೋ ಚೀಲದಿಂದ ತೆಗೆಯುವ ಮೊದಲು ಎಲ್ಲವನ್ನೂ ಹೇಳಿದೆ. ಕಟ್ಟೆ, ಬಸ್ಸು, ಅಳಿಸಿದ್ದು, ಅವಳಿಗೆ ಸುಳ್ಳು ಹೇಳಿದ್ದು. ಅವಳ ಕೈಯಲ್ಲಿದ್ದ ಬಟ್ಟೆ ಹಾಗೆಯೇ ನಿಂತಿತು.

"ಅಬ್ಬಾ ತಾವಾಗೇ ಕೇಳಿದ್ರಾ? ನನ್ನ ಸಲುವಾಗಿ?"

"ಹೌದವಾ. ಎಷ್ಟ್ ದಿನ ಒಲ್ಲೆ ಅನ್ಲಿ ಅಂದ್ರು."

ಅವಳು ಬಟ್ಟೆಯನ್ನು ಯಂತ್ರದಿಂದ ಬಿಡಿಸಿ ಪಕ್ಕಕ್ಕಿಟ್ಟಳು. ಆಮೇಲೆ, ಸಿಟ್ಟೂ ಅಳುವೂ ಕೂಡಿದ ದನಿಯಲ್ಲಿ, "ಅವತ್ತ ಇಷ್ಟು ಹೇಳಿದ್ರ ಆಗತಿತ್ತಲ್ರಿ ಕಾಕಾ. ಫೋಟೋ ಇಲ್ಲಂದ್ರ ಇಲ್ಲ. ನನ್ನ ಒಂದು ಮಾತು ನಡಸಲಿಲ್ಲ ಅಂತ ಇಷ್ಟು ವರ್ಷ ಅಬ್ಬಾನ ಮ್ಯಾಲ ಮುನಿಸಿಕೊಂಡಿದ್ದೆ ನಾ" ಎಂದಳು.

ಫೋಟೋ ಅವಳ ಕೈಗಿಟ್ಟೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು. ಬೂದು ಭಾಗ ಅವಳಿಗೆ ಕಾಣುತ್ತಲೇ ಇರಲಿಲ್ಲವೋ ಏನೋ. ಕಣ್ಣಿನಲ್ಲಿ ನೀರಿಟ್ಟುಕೊಂಡೇ ಒಂದಿಷ್ಟು ನಕ್ಕಳು.

"ಕ್ಯಾಮೆರಾ ನೋಡಾಕತ್ತಿಲ್ರಿ ಇವ್ರು. ಅದರ ಮ್ಯಾಲ ನೋಡಾಕತ್ತಾರ."

"ನನ್ನ ಮಾರಿ ನೋಡಾಕತ್ತಾರವಾ."

"ಹುಬ್ಬು ನೋಡ್ರಿ, ಏನೋ ಹೇಳಾಕತ್ತಾರ." ಅವಳು ನನ್ನ ಕಡೆ ತಿರುಗಿದಳು. "ಏನಂದ್ರು ಕಾಕಾ?"

ಅವಳಿಗೆ ಗೊತ್ತಾಗಬಹುದು, ತಂದೆಯ ಕಣ್ಣು ನೋಡಿ ಮಗಳು ಹೇಳಿಯಾಳು ಎಂದುಕೊಂಡು ನಾನು ಬಸ್ಸು ಹತ್ತಿದ್ದೆ.

"ಗೊತ್ತಿಲ್ಲವಾ" ಎಂದೆ. "ನಾ ಸ್ಕ್ರೀನ್ ನೋಡಾಕತ್ತಿದ್ದೆ."

ಅವಳು ಫೋಟೋವನ್ನು ಮಡಿಲಲ್ಲಿಟ್ಟುಕೊಂಡು, ಬೂದು ಬಣ್ಣದ ಮೇಲೆ, ಬಾಯಿ ಇರಬೇಕಾಗಿದ್ದಲ್ಲಿ, ಬೆರಳಿಟ್ಟಳು.

"ನೋಡಬೇಕಿತ್ರಿ ಕಾಕಾ. ಅಲ್ಲಿ ನೀವೊಬ್ಬರ ಇದ್ರಿ."